ರಾಕ್ಷಸನಿಗೆ ಇನ್ನೂ ಕಣ್ಣು ಬರೆದಿಲ್ಲ

ಮಾನ್ಯ ಪ್ರಾಂಶುಪಾಲರೇ,

ನನ್ನ ಮಗಳು ರಾಮಲಕ್ಷ್ಮಮ್ಮ ನಾಟಕಕ್ಕೆಂದು ಬರೆದ ಪರದೆಯ ಮೇಲೆ ಬೂಟುಗಾಲಲ್ಲಿ ನಡೆದು, ಅವಳಿಗೆ ಚಿತ್ರಕಲೆಯ ಸೀಟು ಇಲ್ಲವೆಂದವರು ತಾವು. ಲಕೋಟೆಯಲ್ಲಿ ಕಳಿಸಿದ ಎರಡು ಕಾಗದಗಳಿಗೆ ತಾವು ಉತ್ತರಿಸಲಿಲ್ಲ. ಆದ್ದರಿಂದ ಮೂರನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಊರೆಲ್ಲ ಓದಲಿ.

ರಾಮಲಕ್ಷ್ಮಮ್ಮನಿಗೆ ಹದಿನೇಳು. ಗೌರಿಬಿದನೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಗಣಿತದಲ್ಲಿ ಮೂವತ್ತಾರು ಅಂಕ, ನಿಜ. ಆದರೆ ಸುತ್ತಮುತ್ತಲ ನಾಟಕದ ತಂಡಗಳು ಪರದೆ ಬರೆಸಲು ಅವಳ ಬಳಿಗೇ ಬರುತ್ತವೆ. ಇಂಥವಳಿಗೊಂದು ಕಾಲೇಜು ಹುಡುಕುತ್ತ ಬೇಸಿಗೆಯೆಲ್ಲ ಬಸ್ಸು ಹತ್ತಿ ಇಳಿದೆವು. ಒಂದು ಕಡೆ ಟೈಪಿಂಗ್ ಕಲಿಯಲಿ ಎಂದರು. ಇನ್ನೊಂದು ಕಡೆ ಉಪ್ಪಿನಕಾಯಿ ಹಾಕುವ ವಿಜ್ಞಾನವನ್ನು ಹೊಗಳಿದರು. ಚಿತ್ರ ಕಲಿಸುವ ಕಾಲೇಜು ಎಂದು ಸಿಕ್ಕಿದ್ದು ತಮ್ಮದೊಂದೇ. ‘ಸ್ವಂತ ಕೆಲಸದ ಮಾದರಿಯೊಂದನ್ನು ತರತಕ್ಕದ್ದು’ ಎಂದು ತಾವೇ ಅಚ್ಚು ಹಾಕಿಸಿದ್ದಿರಿ. ಅಳತೆ ಹೇಳಿರಲಿಲ್ಲ. ಹದಿನೆಂಟು ಅಡಿಯ ಪರದೆಯನ್ನು ಸುತ್ತಿ, ಬಸ್ಸಿನ ಮೇಲೆ ಕಟ್ಟಿಸಿಕೊಂಡು ಬಂದೆವು. ಅದು ತಪ್ಪಾದರೆ ಒಪ್ಪುತ್ತೇನೆ.

ಕಾಲೇಜಿನ ಹಜಾರದಲ್ಲಿ ಅದನ್ನು ಬಿಡಿಸಿ ಹಾಸಿದಾಗ ತಮ್ಮ ಜವಾನ ಎರ್ರಪ್ಪ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. “ಏಮಮ್ಮಾ, ಈ ಆನೆ ನೀನೇ ಬರ್ದಿದ್ದಾ?” ಎಂದ. ಆಮೇಲೆ ತಾವು ಬಂದಿರಿ. ಆನೆಯನ್ನು ದಾಟಿ, ರಾಜನ ದರ್ಬಾರಿನ ನಡುವೆ ನಿಂತು, “ಇದೆಲ್ಲ ನಾಟಕದೋರ ಕಸುಬು ಕಣಮ್ಮ. ಮದುವೆ ಮಾಡಿ ಕಳ್ಸಿ” ಎಂದಿರಿ. ಹದಿನೆಂಟು ಅಡಿಯಲ್ಲಿ ಒಂದಡಿಯನ್ನಾದರೂ ನೋಡಿದಿರಾ? ಮೇಜಿನ ಮೇಲಿನ ಹೂಕುಂಡ ಬರೆಯುವವರಷ್ಟೇ ಯೋಗ್ಯರೆಂದು ತಮಗೆ ಕಲಿಸಿದ ಮಹನೀಯರು ಯಾರು?

ನಮ್ಮ ಮಾವನವರು ಚಿಂತಾಮಣಿಯಲ್ಲಿ ಗಂಡು ನೋಡಿಟ್ಟಿದ್ದಾರೆ. ಈ ತಿಂಗಳು ಸೀಟು ಸಿಗದಿದ್ದರೆ ಮಗಳ ಕುಂಚಗಳೆಲ್ಲ ಅಟ್ಟ ಸೇರುತ್ತವೆ. ಅವಳು ಮಾತ್ರ ಅವತ್ತು ಅಳಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ, “ಅಮ್ಮಾ, ಆಯಪ್ಪನ ಮೂಗು ನೋಡ್ದೇನಮ್ಮ? ಎಡಕ್ಕೆ ವಾಲೈತೆ” ಎಂದಳು.

ಈಗ ಮಂಡಿಕಲ್ಲಿನ ಗಂಗುಲಪ್ಪನ ತಂಡಕ್ಕೆ ಹೊಸ ಪರದೆ ಬರೆಯುತ್ತಿದ್ದಾಳೆ. ನಡುವೆ ಒಬ್ಬ ರಾಕ್ಷಸ. ಎಡಕ್ಕೆ ವಾಲಿದ ಮೂಗು, ಕಿವಿಯ ಮೇಲೆ ನರೆಗೂದಲು, ಕಾಲಿಗೆ ಕಂದು ಬೂಟು. ನಮ್ಮ ತಂಡಗಳಲ್ಲಿ ಪರದೆಯ ರಾಕ್ಷಸನಿಗೆ ಕಣ್ಣು ಬರೆಯುವುದು ಆಟದ ದಿನ ಬೆಳಿಗ್ಗೆ, ಕಾಯಿ ಒಡೆದ ಮೇಲೆ. ಆ ದಿನ ಬರುವ ಭಾನುವಾರ. ಕನ್ನಡಕದ ಹಿಂದಿನ ತಮ್ಮ ಅರೆಮುಚ್ಚಿದ ಕಣ್ಣು ಅವಳಿಗೆ ಚೆನ್ನಾಗಿ ನೆನಪಿದೆ. ಪರದೆ ಅಂಬಾಜಿದುರ್ಗದ ಸುತ್ತಿನ ಹಳ್ಳಿಗಳನ್ನು, ಶಿಡ್ಲಘಟ್ಟವನ್ನು ಮುಗಿಸಿ ತಮ್ಮ ಊರಿಗೂ ಬರಲಿದೆ. ತಮ್ಮ ವಿದ್ಯಾರ್ಥಿಗಳು ಟಿಕೆಟ್ಟು ಕೊಂಡು ಬಂದೇ ಬರುತ್ತಾರೆ.

ಶನಿವಾರದೊಳಗೆ ಪ್ರವೇಶಪತ್ರ ನಮ್ಮ ಮನೆ ತಲುಪಬೇಕು. ತಲುಪಿದರೆ ಕಣ್ಣು ಬೇರೆ ಯಾರದಾದರೂ ಆಗುತ್ತದೆ. ಬೂಟನ್ನೂ ನಾನೇ ಅಳಿಸುತ್ತೇನೆ. ಮೂಗಿನ ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯುತ್ತಿಲ್ಲ. ಅದು ಬಹಳ ಚೆನ್ನಾಗಿ ಬಂದಿದೆಯಂತೆ, ಅಳಿಸುವುದಿಲ್ಲ ಎನ್ನುತ್ತಾಳೆ.

ಇಂತಿ,
ತಮ್ಮ ಬೂಟಿನ ಗುರುತನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಉಜ್ಜಿ ಸೋತ
ಶ್ಯಾಮಲಮ್ಮ,
ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ, ಮಂಚೇನಹಳ್ಳಿ
ಜೂನ್ ೧೯೬೪