ನಿಧಾನವಾದ ಗುಂಡುಗಳು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಮೈದುನನಿಗೆ,

ಅತ್ತಿಗೆಯ ಆಶೀರ್ವಾದ. ನಿನ್ನ ಹೆಂಡತಿಯನ್ನೂ ಪುಟ್ಟಿಯನ್ನೂ ಕೇಳಿದೆನೆಂದು ಹೇಳು. ಉತ್ತರ ಬರೆಯಲು ಇಷ್ಟು ತಡಮಾಡಿದ್ದಕ್ಕೆ ಬೈದುಕೊಳ್ಳಬೇಡ. ಬೈದರೂ ಮನಸ್ಸಿನಲ್ಲೇ ಬೈದುಕೋ, ಪುಟ್ಟಿ ಕಲಿತುಬಿಡುತ್ತಾಳೆ. ಫೋನ್ ಮಾಡಬಹುದಿತ್ತಲ್ಲ ಎಂದು ಕೇಳುತ್ತೀಯ. ನಿಮ್ಮಣ್ಣ ಈಗ ಮನೆಬಿಟ್ಟು ಹೊರಗೇ ಹೋಗುವುದಿಲ್ಲ, ನಮ್ಮ ಗೋಡೆಗಳೋ ರಟ್ಟಿನಷ್ಟು ತೆಳು. ಅದಕ್ಕೇ ಕಾಗದ.

ನೀನು ಬರೆದ ಔಷಧಿ ಅಂಗಡಿಯ ಬೋರ್ಡಿನ ಫೋಟೋ ನೋಡಿದೆವು. "ಅಕ್ಷರಕ್ಕೆ ನೆರಳು ಜಾಸ್ತಿಯಾಯ್ತು" ಎಂದರು ನಿಮ್ಮಣ್ಣ. ಹೊಗಳುವ ಬಾಯಿಯಲ್ಲವಲ್ಲ ಅದು. ಆದರೆ ಆ ಫೋಟೋವನ್ನು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಂಡವರೂ ಅವರೇ.

ನೀನು ಸಿಟ್ಟುಮಾಡಿಕೊಂಡು ಹೋದ ಮೇಲೂ ನಮ್ಮ ಕಂಪ್ಯೂಟರ್ ಆಟ ಕಟ್ಟುವ ಕೆಲಸ ನಿಲ್ಲಲಿಲ್ಲ. ಅದೇ ಹಳೇ ಕಾಲದ ಧಾಟಿ. ಪರದೆ ಬಲದಿಂದ ಎಡಕ್ಕೆ ಸರಿಯುತ್ತದೆ, ಮನೆಯೆತ್ತರದ ಉಕ್ಕಿನ ಯಂತ್ರದೊಳಗೆ ಕೂತ ಪೈಲಟ್ ಗುಂಡು ಹಾರಿಸುತ್ತಾ ಮುಂದೆ ಹೋಗುತ್ತಾನೆ. ಯುದ್ಧಗಳ ನಡುವೆ ಅವನು ಗ್ಯಾರೇಜಿಗೆ ಮರಳಬೇಕು, ಮೆಕ್ಯಾನಿಕ್ ಹೆಂಗಸಿನ ಜೊತೆ ಮಾತಾಡಬೇಕು, ಅನುಭವ ಗಳಿಸಿದಂತೆ ಅವನ ಕವಚ ಗಟ್ಟಿಯಾಗಬೇಕು ಎಂದೆಲ್ಲ ನೀನು ಹಟ ಹಿಡಿದಿದ್ದೆ. "ಆಟ ಅಂದ್ರೆ ಗುಂಡು ಹಾರಿಸೋದು, ಸಂಸಾರ ಮಾಡೋದಲ್ಲ" ಎಂದು ನಿಮ್ಮಣ್ಣ ಹಾರಾಡಿದ್ದರು. ಆಟದ ಚಿತ್ರಗಳನ್ನೆಲ್ಲ ಬರೆಯುತ್ತಿದ್ದ ನೀನು ಬ್ರಶ್ಶು ಎತ್ತಿಕೊಂಡು ಹೊರಟೇಬಿಟ್ಟೆ. ನೀನು ಹೋದ ಮೇಲೆ ಅದನ್ನೆಲ್ಲ ಸೇರಿಸಿದರು ಗೊತ್ತಾ? ಮೆಕ್ಯಾನಿಕ್ಕಿನ ಮಾತನ್ನೆಲ್ಲ ನಾನೇ ಬರೆದೆ. ಅವಳು ಸ್ವಲ್ಪ ಬಾಯಿಬಡುಕಿ, ಯಾರ ಹಾಗೆ ಎಂದು ನೀನು ಹೇಳಬೇಕಾಗಿಲ್ಲ.

ನಾವು ಮೂವರೂ ಸೇರಿ ಮಾಡಿಕೊಂಡಿದ್ದ ಕಟ್ಟಳೆ ನೆನಪಿರಬೇಕು. ವಿಡಿಯೋ ಆಟದಂಗಡಿಗಳಲ್ಲೇ ಬೆಳೆದು, ಯಾರ ಕೈಯಲ್ಲೂ ಸೋಲದ ಮನುಷ್ಯ ನಿಮ್ಮಣ್ಣ. ಅವರೇ ಒಂದು ಜಾಗದಲ್ಲಿ ಮತ್ತೆ ಮತ್ತೆ ಸತ್ತರೆ ತಪ್ಪು ಆಟದ್ದು, ನಾನು ವೇಗ, ಬಲಗಳ ಅಂಕಿ ಬದಲಿಸಿ ಸುಲಭ ಮಾಡಬೇಕು. ಹೋದ ವರ್ಷ ಅವರು ಸೇತುವೆಯ ಘಟ್ಟದಲ್ಲಿ ಸಾಯತೊಡಗಿದರು. ಶತ್ರುಗಳ ಗುಂಡಿನ ವೇಗ ತುಸು ಇಳಿಸಿದೆ. "ಈಗ ಸರಿ" ಎಂದರು. ಸ್ವಲ್ಪ ದಿನಕ್ಕೆ ಅದಕ್ಕಿಂತ ಸುಲಭದ ಸುರಂಗದಲ್ಲೂ ಸತ್ತರು, ಅಲ್ಲೂ ಇಳಿಸಿದೆ. ಬಟನ್ನು ಸರಿಯಿಲ್ಲವೆಂದು ಅವರು ಜಾಯ್‌ಸ್ಟಿಕ್ ಬಿಚ್ಚಿ ಸ್ಪ್ರಿಂಗ್ ಬದಲಿಸಿದರು. ನಾನು ಕವಚ ದಪ್ಪ ಮಾಡಿದೆ, ಅನುಭವದ ಅಂಕ ಬೇಗ ಬೇಗ ಸಿಗುವ ಹಾಗೆ ಮಾಡಿದೆ. ಹೀಗೇ ಇಳಿಸುತ್ತಾ ಬಂದೆವು. ಇಬ್ಬರಿಗೂ ಏನೂ ಅನ್ನಿಸಲಿಲ್ಲ. ಕಟ್ಟಳೆ ಅಷ್ಟು ಪಕ್ಕಾ ಇತ್ತು ನೋಡು.

ಕೊನೆಯ ಘಟ್ಟವೊಂದನ್ನು ಬಿಟ್ಟು ಎಲ್ಲ ಮುಗಿದಾಗ, ಹೊಸ ಆಟಗಳನ್ನು ಜನರಿಂದ ಆಡಿಸಿ ನೋಡುವ ಒಂದು ಮೇಳಕ್ಕೆ ಒಯ್ದೆವು. ಕಾಲೇಜು ಹುಡುಗಿಯೊಬ್ಬಳು ಬಂದು ಕೂತಳು. ಗೆಳತಿಯ ಜೊತೆ ಹರಟುತ್ತಲೇ ಸುರಂಗ ದಾಟಿದಳು, ಸೇತುವೆ ದಾಟಿದಳು, ಪೈಲಟ್ಟಿಗೆ ಒಂದು ಗೀರೂ ಬೀಳಲಿಲ್ಲ. ಎದ್ದು, ತುಂಬಾ ಮರ್ಯಾದೆಯಿಂದಲೇ, "ಇದು ಚಿಕ್ಕ ಮಕ್ಕಳಿಗೆ ಅಂತ ಮಾಡಿದ್ದಾ ಸರ್?" ಎಂದಳು. ಅವಳ ಹಿಂದೆ ಬಂದವರದ್ದೂ ಅದೇ ಕಥೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮನೆಗೆ ಬಂದವರೇ ನಿಮ್ಮಣ್ಣ ಹಳೆಯ ಅಂಕಿಗಳನ್ನೂ ಈಗಿನದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಬಲಗೈಯನ್ನು ಮೇಜಿನ ಮೇಲೆ ಚಾಚಿ, ಬೆರಳುಗಳನ್ನು ಒಂದೊಂದಾಗಿ ಎತ್ತಲು ನೋಡಿದರು. ಒಂದನ್ನು ಎತ್ತಿದರೆ ಇನ್ನೊಂದೂ ಜೊತೆಗೆ ಏಳುತ್ತಿತ್ತು.

"ಆಟ ಅಲ್ಲ ಕಣೇ," ಎಂದರು. "ನಾನು."

ನರದ ಡಾಕ್ಟರು ಹೇಳಿದ್ದೂ ಅದನ್ನೇ. ಮೊದಲು ಬೆರಳು, ಆಮೇಲೆ ನಡಿಗೆ, ಆಮೇಲೆ ಮಾತು. ಕೊನೆಕೊನೆಗೆ ನಮ್ಮ ಗುರುತೂ ಹತ್ತದಿರಬಹುದು. ಮಾತ್ರೆಯಿಂದ ನಡುಕ ಕಡಿಮೆಯಾದೀತು, ಕಾಯಿಲೆ ಹೋಗುವುದಿಲ್ಲ. ದಾರಿಯುದ್ದಕ್ಕೂ ನಿಮ್ಮಣ್ಣ ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟ ಪಾತ್ರೆಯನ್ನು ಸುಮ್ಮನೆ ಕುಕ್ಕಿದೆ.

ಮರುದಿನ ಬೆಳಿಗ್ಗೆ ಎಲ್ಲ ಅಂಕಿಗಳನ್ನೂ ಮೊದಲಿದ್ದಲ್ಲಿಗೆ ಏರಿಸು ಎಂದರು. ನಿಮಗೆ ಆಡೋಕೆ ಆಗಲ್ಲ, ನಿಮಗಾಗಿ ಒಂದು ಸುಲಭದ ಪ್ರತಿ ಬೇರೆ ಇಟ್ಟಿರ್ತೀನಿ ಎಂದೆ. ಬೇಡವೇ ಬೇಡ ಎಂದರು. ಕಣ್ಣೊರೆಸಿಕೊಳ್ಳುತ್ತಾ ಏರಿಸಿದೆ. ಕೂತು ಆಡಿದರು. ಮೊದಲ ಘಟ್ಟದ ಮೊದಲ ಶತ್ರು, ಹೊಸಬರಿಗೆ ಬಟನ್ನು ಅಭ್ಯಾಸವಾಗಲೆಂದು ಇಟ್ಟ ಆ ಬಡಪಾಯಿ ಯಂತ್ರ, ಅದೇ ಅವರನ್ನು ಕೊಂದಿತು. ಇನ್ನೊಮ್ಮೆ ಆಡಿದರು, ಇನ್ನೊಮ್ಮೆ ಸತ್ತರು. ಜಾಯ್‌ಸ್ಟಿಕ್ ನನ್ನ ಕಡೆ ಸರಿಸಿ, "ಈಗ ಸರಿಯಾಗಿದೆ" ಎಂದರು. ಅಂದಿನಿಂದ ಅದನ್ನು ಮುಟ್ಟಿಲ್ಲ.

ಕೊನೆಯ ಘಟ್ಟದ ದೊಡ್ಡ ಯಂತ್ರದ ಚಿತ್ರ ಇನ್ನೂ ಬರೆದಾಗಿಲ್ಲ. ಬೇರೆಯವರಿಂದ ಬರೆಸೋಣವೆಂದರೆ, "ಅದು ಅವನದ್ದು" ಎನ್ನುತ್ತಾರೆ. ಕರೆಯುವುದಕ್ಕೆ ಮಾತ್ರ ಬಾಯಿ ಬರುವುದಿಲ್ಲ. ಅಣ್ಣತಮ್ಮಂದಿರಿಬ್ಬರೂ ಒಂದೇ ಅಚ್ಚು. ನಾನು ಕರೆಯುತ್ತಿದ್ದೇನೆ, ಬಾ. ಅವರ ಮಾತು ಸ್ಪಷ್ಟವಿರುವಾಗಲೇ ಬಂದರೆ ನಿನ್ನ ಚಿತ್ರದಲ್ಲಿ ತಪ್ಪು ಹುಡುಕಿ ಎರಡು ಬೈಗುಳವಾದರೂ ಬೈಯಲಿ. ಆಮೇಲೆ ಬಂದರೆ ಅದೂ ಸಿಗುವುದಿಲ್ಲ.

ಪುಟ್ಟಿ ಚೆನ್ನಾಗಿ ಬೆಳೆಯಲಿ. ನಿಮ್ಮ ಮನೆ ತಣ್ಣಗಿರಲಿ.

ಇತಿ ನಿನ್ನ,
ಅತ್ತಿಗೆ

ತಾ. ಕ.: ಬರೆಯಬೇಕಾದದ್ದನ್ನು ಇನ್ನೂ ಬರೆದಿಲ್ಲ. ಡಾಕ್ಟರು ನಿಮ್ಮ ಅಮ್ಮನ ಬಗ್ಗೆ ಕೇಳಿದರು. ಕೊನೆಯ ವರ್ಷಗಳಲ್ಲಿ ಅವರು ಪಾತ್ರೆ ಬೀಳಿಸುತ್ತಿದ್ದುದನ್ನು, ನಾವೆಲ್ಲ ಅದನ್ನು ಕೋಪವೆಂದುಕೊಂಡದ್ದನ್ನು ನಿಮ್ಮಣ್ಣ ಹೇಳಿದರು. ಇದು ತಾಯಿಯಿಂದ ಮಕ್ಕಳಿಗೆ, ಅವರಿಂದ ಅವರ ಮಕ್ಕಳಿಗೆ ಇಳಿಯುವ ಕಾಯಿಲೆಯಂತೆ. ಎಲ್ಲರಿಗೂ ಬರುವುದಿಲ್ಲವಂತೆ. ಬಂದಿದೆಯೋ ಇಲ್ಲವೋ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದಂತೆ. ನಿನಗೆ ತಿಳಿಸಕೂಡದೆಂದು ನಿಮ್ಮಣ್ಣ ನನ್ನಿಂದ ಮಾತು ತೆಗೆದುಕೊಂಡಿದ್ದರು. "ಏನೂ ಗೊತ್ತಿಲ್ಲದೆ ಬದುಕೋ ಒಂದಷ್ಟು ವರ್ಷ ಅವನಿಗಾದ್ರೂ ಸಿಗಲಿ" ಎಂದಿದ್ದರು. ಆ ವರ್ಷಗಳನ್ನು ನಾನೇ ಕಿತ್ತುಕೊಳ್ಳುತ್ತಿದ್ದೇನೆ. ಇನ್ನೊಂದು ಮಗು ಬೇಕೆಂದುಕೊಂಡಿದ್ದೇವೆ ಎಂದು ನೀನು ಬರೆಯದೇ ಇದ್ದಿದ್ದರೆ, ನಾನೂ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ.