ಮಾದರಿ ಎಂದರೆ ಕಣ್ಣುಮುಚ್ಚಿ ಆರಿಸಿದ್ದು ಎಂದು ಬರೆದುಕೊಡಿ

ನ್ಯಾಮತಿ, ೧೯೮೪

ಮಾನ್ಯರೇ,

ಮನೆ ಮನೆ ಎಣಿಸಿ ಮುಂದಿನ ಕಾಲದ ಜನಸಂಖ್ಯೆ ಹೇಳುವ ಕಚೇರಿಯ ಮುಖ್ಯಾಧಿಕಾರಿಗಳಾದ ತಾವು ನಮ್ಮ ಬೀದಿಯಲ್ಲಿ ಒಂದು ಪದ ಬರೆಸಿದಿರಿ. ಅದರ ದೆಸೆಯಿಂದ ನನಗೆ ಬರಬೇಕಾಗಿದ್ದ ಹೆಣ್ಣು ಪಕ್ಕದ ಮನೆಯ ಜಯಪ್ಪನ ಪಾಲಾಗುವುದರಲ್ಲಿದೆ. ಆ ಪದ ‘ಮಾದರಿ’.

ದೀಪಾವಳಿ ಮುಗಿದ ವಾರ ತಮ್ಮ ಸಿಬ್ಬಂದಿಯೊಬ್ಬರು ಸೈಕಲ್ಲಿನಲ್ಲಿ ಬಂದು, ಮನೆಗಳಿಗೆಲ್ಲ ನಂಬರು ಹಾಕಿ, ಬರೀ ಅಂಕಿಗಳೇ ತುಂಬಿದ ಹಾಳೆಯೊಂದರ ಮೇಲೆ ಕಣ್ಣುಮುಚ್ಚಿ ಪೆನ್ಸಿಲ್ ಊರಿದರು. ಪೆನ್ಸಿಲ್ ಇಪ್ಪತ್ತಮೂರರ ಮೇಲೆ ಬಿತ್ತು. ಇಪ್ಪತ್ತಮೂರು ಜಯಪ್ಪನ ಮನೆ, ಇಪ್ಪತ್ತನಾಲ್ಕು ನಮ್ಮದು. ಕೂದಲೆಳೆಯಷ್ಟು ಆಚೆ ಜಾರಿದ್ದರೆ ತಮ್ಮ ಇಲಾಖೆಗೆ ಏನು ನಷ್ಟವಾಗುತ್ತಿತ್ತು ಸ್ವಾಮಿ? ಅವನ ಬಾಗಿಲ ಪಕ್ಕದ ಗೋಡೆಗೆ ಕೆಂಪು ಬಣ್ಣದಲ್ಲಿ ‘ಮಾದರಿ ಮನೆ’ ಎಂದು ಬರೆದು, ಒಳಗೆ ಕೂತು ಪ್ರಶ್ನೆ ಕೇಳಿದರು. ಕೂತ ಕುರ್ಚಿ ನಮ್ಮದು. ಜಯಪ್ಪನ ತಾಯಿ ಕಸ್ತೂರಮ್ಮ, “ಕಲ್ಲಮ್ಮಾ, ಕುರ್ಚಿ ಕೊಡ್ರೀ, ಸರ್ಕಾರದೋರು ನಮ್ಮನೇಗೆ ಬಂದಾರೆ” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ನಮ್ಮವ್ವನಿಂದ ಈಸಿಕೊಂಡದ್ದು.

“ನಮ್ಮನೇನೂ ಬರ್ಕಳ್ರೀ ಸಾರ್” ಎಂದೆ.

“ಐವತ್ತು ಮನೆಗೆ ಈ ಒಂದು ಮನೆ ಸಾಕಪ್ಪ. ಈ ಲೆಕ್ಕ ಬೆಂಗಳೂರಿನ ಕಂಪ್ಯೂಟರಿಗೆ ಹೋಗುತ್ತೆ. ಅದರೊಳಗೇ ಒಂದು ಊರು ಕಟ್ಟಿ, ವರ್ಷ ವರ್ಷ ಓಡಿಸಿ, ಎರಡು ಸಾವಿರದ ಇಸವಿಗೆ ಇಲ್ಲಿ ಎಷ್ಟು ಜನ, ಎಷ್ಟು ಶಾಲೆ ಬೇಕು ಅಂತ ನೋಡ್ತಾರೆ.”

“ಆ ಊರಾಗೆ ನಾನು ಇರಲ್ವಾ?”

“ನಿಮ್ಮ ಬದಲಿಗೆ ಇವರೇ ಇರ್ತಾರೆ.”

ಜಯಪ್ಪ ಇನ್ನೂ ಸರಿಯಾಗಿ ಹುಟ್ಟದ ಮೀಸೆಯನ್ನು ತಿರುವಿದ.

ಮಾನ್ಯರೇ, ಸ್ವಲ್ಪ ಯೋಚಿಸಿ. ಬಸ್ ಸ್ಟ್ಯಾಂಡಿನಲ್ಲಿ ಜಯಪ್ಪ, ಹೋಟೆಲಿನಲ್ಲಿ ಜಯಪ್ಪ, ಜಯಪ್ಪನಿಗೆ ಜಯಪ್ಪನೇ ನಮಸ್ಕಾರ ಹಾಕುವ ಊರು! ಅವನು ನನ್ನ ಜೊತೆಯಲ್ಲೇ ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾದವನು; ಗಣಿತದಲ್ಲಿ ನನಗಿಂತ ಮೂರು ಅಂಕ ಕಡಿಮೆ. ಇಂತಿಷ್ಟು ವಯಸ್ಸಿನ ನೂರು ಜನರಲ್ಲಿ ಇಷ್ಟು ಮಂದಿಗೆ ಮದುವೆ ಎಂದು ಯಂತ್ರವೇ ಚೀಟಿ ಎತ್ತುತ್ತದಂತೆ. ಅಂದರೆ ಅಲ್ಲೂ ಅವನಿಗೇ ಮದುವೆ. ಎಮ್ಮೆ ಎಷ್ಟು, ಮಕ್ಕಳೆಷ್ಟು ಎಂದು ಕೇಳುವ ತಮ್ಮ ಫಾರಂನಲ್ಲಿ, ಪಕ್ಕದ ಮನೆಯವನ ಹೊಟ್ಟೆ ಎಷ್ಟು ಉರಿಯುತ್ತಿದೆ ಎಂಬ ಕಾಲಂ ಇಲ್ಲ. ಹೊಟ್ಟೆಕಿಚ್ಚಿಲ್ಲದ ಊರನ್ನು ತಾವು ಯಾವ ತಾಲ್ಲೂಕಿನಲ್ಲಿ ಕಂಡಿದ್ದೀರಿ?

ಅಪ್ಪಣೆಯಿಲ್ಲದೆ ನಮ್ಮ ಗೋಡೆಗೂ ನಾನು ‘ಮಾದರಿ’ ಎಂದು ಬರೆದುಕೊಂಡದ್ದು ನಿಜ, ಒಪ್ಪುತ್ತೇನೆ. ಬಣ್ಣ ಸಿಗದೆ ಬೆಲ್ಲದ ನೀರಿಗೆ ಕುಂಕುಮ ಕಲಸಿದ್ದೆ. ಎಮ್ಮೆ ನೆಕ್ಕಿ ‘ಮಾ’ ಹೋಗಿ ‘ದರಿ’ ಉಳಿಯಿತು. “ಮುಂದೆ ಒಂದು ‘ದ್ರ’ ಸೇರ್ಸಲೇ, ಸರಿಯಾಗ್ತೈತೆ” ಎಂದ ಜಯಪ್ಪ. ಬೀದಿಯೆಲ್ಲ ನಕ್ಕಿತು. ಮಾತು ಚೆನ್ನಾಗಿತ್ತು, ನನಗೇ ಹೊಳೆಯಬೇಕಿತ್ತು.

ಸಂಕ್ರಾಂತಿ ಕಳೆದ ಮೇಲೆ ಬಸವಾಪಟ್ಟಣದ ಭತ್ತದ ವ್ಯಾಪಾರಿ ಮರುಳಸಿದ್ದಪ್ಪನವರು ಮಗಳು ಕೊಟ್ರಮ್ಮನಿಗೆ ವರ ನೋಡಲು ಬಂದರು. ಕೈಯಲ್ಲಿ ಎರಡು ವಿಳಾಸ, ಮೊದಲನೆಯದು ನಮ್ಮದು, ಎರಡನೆಯದು ಜಯಪ್ಪನದು. ಕೆಂಪಕ್ಷರ ಕಂಡದ್ದೇ, “ಸರ್ಕಾರನೇ ಮಾದರಿ ಅಂತ ಬರ್ದೈತೆ, ಇನ್ನೇನ್ ವಿಚಾರ್ಸಾದು ಐತೆ?” ಎಂದು ಆ ಮನೆ ಹೊಕ್ಕರು. ನಮ್ಮವ್ವ ಮಾಡಿದ ಉಪ್ಪಿಟ್ಟು ಆರಿತು. ಹೊಟ್ಟೆ ಆರಲಿಲ್ಲ.

ಮರುದಿನವೇ ಬಸ್ಸು ಹತ್ತಿ ಅವರ ಮನೆಗೆ ಹೋದೆ. “ಮಾದರಿ ಅಂದ್ರೆ ಚಲೋದು ಅಂತಲ್ರೀ, ಕಣ್ಮುಚ್ಚಿ ಆರಿಸಿದ್ದು” ಎಂದು ಪೆನ್ಸಿಲ್ ಸಮೇತ ತೋರಿಸಿದೆ.

ಅವರು ನಕ್ಕರು. “ತಮ್ಮಾ, ಮೂವತ್ತು ವರ್ಷದಿಂದ ಗಿರಾಕಿಗೆ ನಾನೂ ಮಾದರಿ ಭತ್ತ ತೋರಿಸ್ತಾ ಬಂದೀನಿ. ಚೀಲದಾಗಿಂದ ಚಲೋ ಕಾಳು ಆರಿಸಿ ಮುಂದಿಡ್ತೀನಿ. ಕಣ್ಮುಚ್ಚಿ ಮಾದರಿ ತೆಗಿಯಾಕೆ ಸರ್ಕಾರಕ್ಕೇನು ಹುಚ್ಚು ಹಿಡಿದೈತಾ?”

ಒಳಗಿನಿಂದ ಕೊಟ್ರಮ್ಮ ಕೇಳಿದಳು: “ಅಪ್ಪಾ, ಸರ್ಕಾರದೋರೇ ಹಂಗಂತ ಬರ್ಕೊಟ್ರೆ?”

“ಬರ್ಕೊಡ್ಲಿ. ಇವ್ರ ಮನೇನೂ ನೋಡಿ ಬರ್ತೀನಿ. ಯುಗಾದಿ ಒಳಗಾದ್ರೆ ಮಾತ್ರ.”

ತಮ್ಮ ಕಚೇರಿಗೆ ಎರಡು ಅರ್ಜಿ ಹಾಕಿದೆ. ಆಯ್ಕೆಯಾದ ಮನೆಗಳ ವಿವರ ಗೋಪ್ಯ, ತಿಳಿಸಲಾಗದು ಎಂದು ಉತ್ತರ ಬಂತು. ಗೋಡೆಯ ಮೇಲೆ ಮೊಳದುದ್ದ ಬರೆದದ್ದು ಗೋಪ್ಯವೇ? ಬಸ್ಸಿನಿಂದ ಇಳಿದವರೆಲ್ಲ ಓದುತ್ತಿದ್ದಾರಲ್ಲ! ಹಾಗಾಗಿ ಬಹಿರಂಗವಾಗಿಯೇ ಕೇಳುತ್ತಿದ್ದೇನೆ.

ಜಯಪ್ಪ ಕೆಟ್ಟವನಲ್ಲ, ನನ್ನ ಕಷ್ಟವೇ ಅದು. ಅವನು ಗೆಲ್ಲುವುದಾದರೆ ಗೆಲ್ಲಲಿ, ಆದರೆ ತಮ್ಮ ಪೆನ್ಸಿಲ್ಲಿನಿಂದ ಬೇಡ. ‘ಈ ಮನೆಯನ್ನು ಗುಣ ನೋಡಿ ಆರಿಸಿದ್ದಲ್ಲ’ ಎಂದು ಒಂದು ಸಾಲು ಬರೆದು, ಯುಗಾದಿಗೆ ಮೊದಲು ಬಸವಾಪಟ್ಟಣಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅಂದು ನಾನು ಹೊರಟಾಗ ಕೊಟ್ರಮ್ಮ ನೀರಿನ ಚೊಂಬು ಈಸಿಕೊಳ್ಳುವ ನೆವದಲ್ಲಿ ಬಾಗಿಲಿಗೆ ಬಂದು, ತಲೆಯೆತ್ತದೆ, “ಸೀಲು ಎದ್ದು ಕಾಣಂಗೆ ಬೀಳ್ಲಿ ರೀ. ನಮ್ಮಪ್ಪ ಓದಾದು ಅದೊಂದನ್ನೇ” ಎಂದಳು. ದಯವಿಟ್ಟು ಶಾಯಿ ಹೊಸದು ಹಾಕಿಸಿ.

ಇಂತಿ,
ತಮ್ಮ ಯಂತ್ರದ ಊರಿನಲ್ಲಿ ಇಲ್ಲದ,
ನ್ಯಾಮತಿಯಲ್ಲಿ ಇರುವ,
ಮಹೇಶ್ವರಪ್ಪನವರ ಮಗ ಪಂಚಾಕ್ಷರಪ್ಪ