ಖಂಡ್ಯಾ ಇನ್ನೂ ಕಲಿತಿಲ್ಲ

ದರಿಬಡಚಿ, ತಾ. ಜತ್ತ
ಮಂಗಳವಾರ, 18 ಫೆಬ್ರುವರಿ 2025

ನಮ್ಮ ಮನೆಯವರಿಗೆ,

ದೀಪಾಲಿ ಮಾಡುವ ನಮಸ್ಕಾರಗಳು. ಗಂಡನ ಹೆಸರು ಹಿಡಿದು ಬರೆಯಲು ಕೈ ಏಳಲಿಲ್ಲ. ಇಷ್ಟು ಜಗಳವಾದರೂ ಆ ರೂಢಿ ಹೋಗಿಲ್ಲ ನೋಡಿ. ಫೋನಿನಲ್ಲಿ ಹೇಳೋಣವೆಂದರೆ ಎರಡು ಮಾತಿಗೆ ನನ್ನ ದನಿ ಏರುತ್ತದೆ, ನೀವು ಕಟ್ ಮಾಡಿಬಿಡುತ್ತೀರಿ. ಅದಕ್ಕೇ ಈ ಪತ್ರ. ದಾಳಿಂಬೆ ಹೇರಿಕೊಂಡು ಪುಣೆಗೆ ಬರುವ ಮಹಾಂತನ ಟೆಂಪೋದಲ್ಲಿ ಕಳಿಸುತ್ತಿದ್ದೇನೆ.

ಸುದ್ದಿ ಇಷ್ಟೇ. ಈ ಸಲವೂ ನಾಯಿಯನ್ನು ಕಳಿಸಲು ಆಗುವುದಿಲ್ಲ. ಖಂಡ್ಯಾ ಇನ್ನೂ ಪಂಜರಕ್ಕೆ ಒಗ್ಗಿಲ್ಲ.

ನಿಮ್ಮ ಸಂಕಟ ನನಗೆ ಗೊತ್ತು. ನೀವು ಕಾವಲು ಕೆಲಸಕ್ಕೆ ಹೋದಾಗ ಪಂಜರದಲ್ಲಿ ಸುಮ್ಮನಿರುವ ನಾಯಿಯಾದರೆ ಒಳಗಿಟ್ಟುಕೊಳ್ಳಿ ಎಂದು ಕೋಣೆಯ ಮಾಲಕರು ಒಪ್ಪಿದ್ದಾರೆ ಎಂದಿರಿ. ದೀಪಾವಳಿ ಮುಗಿಯುತ್ತಲೇ ಕಬ್ಬಿಣದ ಜಾಳಿಗೆಯ ಆ ಪಂಜರವನ್ನೂ ಕಳಿಸಿದಿರಿ. ಹೇಗೆ ಕಲಿಸಬೇಕೆಂದು ಮಾತ್ರ ಹೇಳಲಿಲ್ಲ. ನಾನು ತವರಿನಲ್ಲಿ ಆಡು ಸಾಕಿದವಳು. ತಾಯಿ ಆಡು ಮೇಯಲು ಹೋದಾಗ ಮರಿಗಳ ಮೇಲೆ ದೊಡ್ಡ ಬುಟ್ಟಿ ಬೋರಲು ಹಾಕಿ ಕಲ್ಲು ಹೇರುತ್ತೇವಲ್ಲ, ಕತ್ತಲಾಯಿತೆಂದು ಅವು ತೆಪ್ಪಗೆ ಮಲಗುತ್ತವೆ. ಇದೂ ಅಷ್ಟೇ ತಾನೆ ಎಂದುಕೊಂಡು ಖಂಡ್ಯಾನನ್ನು ಒಳಗೆ ನೂಕಿ, ಚಿಲಕ ಹಾಕಿ, ಮೇಲೆ ಗೋಣಿತಟ್ಟು ಹೊದಿಸಿ ದಾಳಿಂಬೆ ತೋಟದ ಕೆಲಸಕ್ಕೆ ಹೋಗಿಬಿಟ್ಟೆ. ಅಯ್ಯೋ ದೇವರೇ! ಸಂಜೆ ಬಂದು ನೋಡಿದರೆ ಮೂತಿಯೆಲ್ಲ ರಕ್ತ. ಜಾಳಿಗೆ ಕಚ್ಚಿ ಕಚ್ಚಿ ಒಸಡು ಹರಿದುಕೊಂಡಿತ್ತು. ಪಕ್ಕದ ಮನೆಯ ಮಲಕವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಏನ ದೀಪಾಲಿ, ಗಂಡನ ಮ್ಯಾಲಿನ ಸಿಟ್ಟು ಮೂಕ ಪ್ರಾಣಿ ಮ್ಯಾಲ ತೀರಸ್ತೀಯೇನ?" ಎಂದಳು. ಆ ಮಾತು ಕೇಳಿಕೊಂಡೇ ಅರಿವೆ ತೋಯಿಸಿ ಅದರ ಮೂತಿ ಒರೆಸಿದೆ. ನನ್ನ ಬಾಯಿ ಎಂಥದೆಂದು ನಿಮಗೆ ಗೊತ್ತಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಮಲಕವ್ವನ ಸೊಸೆ ಶೀತಲ ದನದ ದವಾಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಗಾಯಕ್ಕೆ ಔಷಧ ಹಚ್ಚಲು ಬಂದವಳು ನನ್ನನ್ನು ಕೂರಿಸಿಕೊಂಡು ತಿಳಿಸಿದಳು. "ವೈನಿ, ಇದು ಜೇಲ್ ಆಗಬಾರದ್ರಿ, ಅದರ ಮನಿ ಆಗಬೇಕ. ಬಾಗಲಾ ತಗದ ಇಡ್ರಿ. ಒಳಗ ಹಾಸಿಗಿ ಹಾಕ್ರಿ, ಊಟಾ ಒಳಗ ಇಡ್ರಿ. ತಾನ ಹೋಗಲಿ, ತಾನ ಬರಲಿ. ಸಿಟ್ಟ ಬಂತಂತ ಎಂದೂ ಒಳಗ ನೂಕಬ್ಯಾಡ್ರಿ" ಎಂದಳು. ಒಮ್ಮೆ ಒಗ್ಗಿತೆಂದರೆ ಅದಕ್ಕೇ ಸುಖವಂತೆ. ಮದುವೆಯ ಪಟಾಕಿಗೆ ಹೆದರಿ ಊರು ಬಿಟ್ಟು ಓಡುವುದಿಲ್ಲ. ತಾನು ಮಲಗುವ ಜಾಗವೆಂದು ಹೊಲಸು ಮಾಡುವುದಿಲ್ಲ. ಗಾಡಿಯಲ್ಲಿ ಎಷ್ಟು ದೂರ ಒಯ್ದರೂ ಗಾಬರಿಯಿಲ್ಲ. "ಯಾರೂ ಇಲ್ಲಂದ್ರೂ ಅಂಜದಂಗ ಇರಾಕ ಕಲೀತೈತ್ರಿ" ಎಂದಳು. ಅವತ್ತು ಯಾಕೋ ನನಗೆ ಊಟವೇ ಸೇರಲಿಲ್ಲ.

ಅಂದಿನಿಂದ ಅವಳು ಹೇಳಿದ ಹಾಗೇ ಮಾಡುತ್ತಿದ್ದೇನೆ. ನೀವು ಬಿಟ್ಟುಹೋದ ಹಳೆಯ ಅಂಗಿಯನ್ನೇ ಒಳಗೆ ಹಾಸಿದ್ದೇನೆ. ಮೊದಮೊದಲು ಮುಂಗಾಲಷ್ಟೇ ಒಳಗಿಟ್ಟು, ರೊಟ್ಟಿ ಕಚ್ಚಿಕೊಂಡು ಕಳ್ಳನ ಹಾಗೆ ಹೊರಗೆ ಓಡುತ್ತಿತ್ತು. ಆಮೇಲೆ ನಾನೂ ಪಂಜರದ ಮುಂದೆಯೇ ತಾಟು ಇಟ್ಟುಕೊಂಡು ಊಟಕ್ಕೆ ಕೂತೆ. ನನಗೊಂದು ತುತ್ತು, ಅದಕ್ಕೊಂದು ತುತ್ತು. ನೀವು ಹೋದ ಮೇಲೆ ಯಾರ ಜೊತೆಗಾದರೂ ಕೂತು ಉಂಡಿದ್ದೇನೆಂದರೆ ಅದರ ಜೊತೆಗೇ. ಈಗ ಒಳಗೆ ಹೋಗಿ ಉಣ್ಣುತ್ತದೆ. ಆದರೆ ಬಾಗಿಲು ಹಾಕಿದರೆ ಸಾಕು, ಅಳಲು ಶುರು. ಅಳುವ ನಾಯಿಯನ್ನು ಇಟ್ಟುಕೊಳ್ಳಲು ನಿಮ್ಮ ಮಾಲಕರು ಬಿಡಲಿಕ್ಕಿಲ್ಲ. ಅವಸರ ಮಾಡಬಾರದೆಂದು ಶೀತಲಳೂ ಅನ್ನುತ್ತಾಳೆ. ಯುಗಾದಿಯ ತನಕ ತಡೆಯಿರಿ.

ಇನ್ನೊಂದು ಮಾತು. ನೀವು ಹೊರಟ ದಿನ ಜತ್ತದ ಬಸ್ ಸ್ಟ್ಯಾಂಡಿನಲ್ಲಿ "ಪುಣೆಗೆ ಬರತೀಯೋ ಇಲ್ಲೋ" ಎಂದು ಕೇಳಿದಾಗ ನಾನು "ಬೇಕಾದ್ರ ನಾಯೀನ ಕರಕೊಂಡ ಹೋಗ್ರಿ, ನಾ ಬರಾಂಗಿಲ್ಲ" ಅಂದದ್ದು ನಿಜ. ಪುಣೆಯ ಆ ಒಂದೇ ಕೋಣೆಯನ್ನು ನೆನೆದು ಉಸಿರು ಕಟ್ಟಿತ್ತು ನನಗೆ. ಹೆಂಡತಿ ಸಿಟ್ಟಿನಲ್ಲಿ ನೂರು ಅನ್ನುತ್ತಾಳೆ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಹೋಗಿ ತಿಂಗಳಾಗುವುದರೊಳಗೆ ನಾಯಿಯನ್ನು ಕಳಿಸು ಎಂದು ಹೇಳಿ ಕಳಿಸಿದಿರಲ್ಲ! ಎಂಥ ಮನುಷ್ಯರಪ್ಪ ನೀವು!

ಹೊತ್ತಿಗೆ ಸರಿಯಾಗಿ ಉಣ್ಣಿ. ವಡಾಪಾವಿನ ಮೇಲೆ ದಿನ ದೂಡಬೇಡಿ. ಜೋಳದ ಹಿಟ್ಟು, ಶೇಂಗಾ ಚಟ್ನಿ ಮಹಾಂತನ ಕೈಯಲ್ಲಿ ಕೊಟ್ಟಿದ್ದೇನೆ.

ನಿಮ್ಮ ಮನೆಯಲ್ಲೇ ಇರುವ,
ದೀಪಾಲಿ

ತಾ.ಕ.: ಮಹಾಂತ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಹೊಡೆಯಲಿ. ಬಾಗಿಲು ಹಾಕಿದರೆ ಅಳುತ್ತದೆ ಎಂದು ಬರೆದದ್ದು ಸುಳ್ಳು. ಖಂಡ್ಯಾ ಸಂಕ್ರಾಂತಿಗೇ ಎಲ್ಲ ಕಲಿತಿದೆ. ನಾನು ಕೆಲಸಕ್ಕೆ ಹೊರಟೆನೆಂದರೆ ತಾನೇ ಒಳಗೆ ಹೋಗಿ ಮುದುಡಿಕೊಳ್ಳುತ್ತದೆ, ಸಂಜೆ ಬಂದಾಗ ಆಕಳಿಸುತ್ತ ಏಳುತ್ತದೆ. ಹೋದ ಸಲ ಟೆಂಪೋ ಬಂದಾಗ ಪಂಜರವನ್ನು ಅಂಗಳದ ತನಕ ಎಳೆದು ತಂದಿದ್ದೆ, ಮತ್ತೆ ಒಳಗೆ ಎಳೆದುಕೊಂಡೆ. ಅದು ಒಂಟಿಯಾಗಿ ಇರಬಲ್ಲದು, ನನ್ನಿಂದ ಆಗುತ್ತಿಲ್ಲ. ನಾಯಿ ಬೇಕಾದರೆ ಟೆಂಪೋ ಕಳಿಸಬೇಡಿ, ನೀವೇ ಬನ್ನಿ. ನನ್ನ ಸೀರೆಗಳನ್ನೂ ಟ್ರಂಕಿಗೆ ತುಂಬಿ ಇಟ್ಟಿದ್ದೇನೆ.